ವಿಝರ್ಡ್ ಒಂದೇ ಮಂತ್ರಕ್ಕೆ ಯುದ್ಧ ಮುಗಿಸುತ್ತಾನೆ, ಫೈಟರ್ ಕೊಡುಬಳೆ ತಿನ್ನುತ್ತಾಳೆ. ಏನು ಮಾಡಲಿ?

ಸೇತುವೆ_ಡಿಎಂ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ಕಥೆಯಾಟ) ಆಡಿಸುತ್ತಿದ್ದೇನೆ. ನಾನು ಡಿಎಂ, ಅಂದರೆ ಕಥೆಯನ್ನೂ ಶತ್ರುಗಳನ್ನೂ ನಡೆಸುವವನು. ಐದನೇ ಆವೃತ್ತಿ, 2014ರ ನಿಯಮ. ವಿಝರ್ಡ್ (ಮಂತ್ರವಾದಿ), ಫೈಟರ್ (ಯೋಧೆ), ಕ್ಲೆರಿಕ್ (ಪೂಜಾರಿ), ರೋಗ್ (ಕಳ್ಳ), ಹೀಗೆ ನಾಲ್ಕು ಜನ. ಈಗ ಎಲ್ಲರೂ 7ನೇ ಲೆವೆಲ್.

ನಿನ್ನೆಯ ಯುದ್ಧಕ್ಕೆ ಎರಡು ರಾತ್ರಿ ಕೂತು ತಯಾರಿ ಮಾಡಿದ್ದೆ. ಹಳೇ ಕಲ್ಲಿನ ಸೇತುವೆ, ಕೆಳಗೆ ಹೊಳೆ, ಆಚೆ ದಡದಲ್ಲಿ ರಾಕ್ಷಸ ಜಾತಿಯ ಹನ್ನೆರಡು ಹಾಬ್‌ಗಾಬ್ಲಿನ್‌ಗಳು ಮತ್ತು ಅವರ ನಾಯಕ. ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಸೇತುವೆಯನ್ನೂ ಮಾಡಿದ್ದೆ. ಇನಿಷಿಯೇಟಿವ್ (ಯಾರು ಮೊದಲು ಅನ್ನುವ ದಾಳ) ಹಾಕಿದೆವು. ವಿಝರ್ಡ್‌ಗೆ 19 ಬಿತ್ತು. ಹಿಪ್ನಾಟಿಕ್ ಪ್ಯಾಟರ್ನ್ (ನೋಡಿದವರನ್ನು ಮರುಳು ಮಾಡಿ ನಿಲ್ಲಿಸುವ ಬಣ್ಣದ ಮಂತ್ರ) ಹಾಕಿದ. ಮೂವತ್ತು ಅಡಿ ಚೌಕದೊಳಗೆ ಹನ್ನೊಂದು ಜನ ಇದ್ದರು. ಶಾಲೆ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ನಾನೇ ಸಾಲಾಗಿ ನಿಲ್ಲಿಸಿದ್ದೆ. ಒಂಬತ್ತು ಜನ ಸೇವ್ (ಮಂತ್ರದಿಂದ ತಪ್ಪಿಸಿಕೊಳ್ಳುವ ದಾಳ) ಸೋತು, ಬಾಯಿ ತೆರೆದುಕೊಂಡು ಬಣ್ಣ ನೋಡುತ್ತಾ ನಿಂತರು. ಎಚ್ಚರ ಇದ್ದವರನ್ನು ಮೊದಲು ಮುಗಿಸಿ, ಆಮೇಲೆ ನಿಂತವರನ್ನು ಒಬ್ಬೊಬ್ಬರಾಗಿ ಹೊಡೆದರು. ಹದಿನೈದು ನಿಮಿಷ. ರಟ್ಟಿನ ಸೇತುವೆ ಮೇಲೆ ಒಬ್ಬನೂ ಕಾಲಿಡಲಿಲ್ಲ.

ಫೈಟರ್ ಆಡುವವಳು ನನ್ನ ಚಿಕ್ಕಮ್ಮನ ಮಗಳು. ಎರಡು ಸಲ ದಾಳ ಹಾಕಿದಳು. ಆಮೇಲೆ ಒಂದು ಕೈಯಲ್ಲಿ ಕೊಡುಬಳೆ, ಇನ್ನೊಂದು ಕೈಯಲ್ಲಿ ಫೋನು. ಬೇಜಾರಾಯಿತು.

ಹಿಪ್ನಾಟಿಕ್ ಪ್ಯಾಟರ್ನ್, ಫೈರ್‌ಬಾಲ್ (ಬೆಂಕಿ ಉಂಡೆಯ ಮಂತ್ರ) ಎರಡನ್ನೂ ನಿಷೇಧ ಮಾಡಿಬಿಡಲೇ? ಅಥವಾ ಶತ್ರುಗಳ ಎಚ್‌ಪಿ (ಎಷ್ಟು ಏಟು ತಡೆಯಬಲ್ಲರು ಅನ್ನುವ ಅಂಕ) ದುಪ್ಪಟ್ಟು ಮಾಡಲೇ? ನೀವು ಏನು ಮಾಡುತ್ತೀರಿ?

---

ಹುಬ್ಬಳ್ಳಿ_ಹುಲಿ · 10:52

ನಿಷೇಧ ಮಾಡಬ್ಯಾಡ್ರಿ. ಇವತ್ತು ಎರಡು ಅಂತೀರಿ, ಮುಂದಿನ ವಾರ ವೆಬ್, ಅದರ ಮುಂದಿನ ವಾರ ಪಾಲಿಮಾರ್ಫ್. ಕಡೆಗೆ ವಿಝರ್ಡ್ ಕೈಯಾಗ ಬರೀ ಕೋಲು ಉಳೀತೈತಿ.

---

ಲೆಕ್ಕದ_ಮೇಷ್ಟ್ರು · 11:15

ಎಚ್‌ಪಿ ದುಪ್ಪಟ್ಟು ಮಾಡಿದರೆ ನಷ್ಟ ಯಾರಿಗೆ ಹೇಳಿ? ಫೈಟರ್‌ಗೇ. ಹಿಪ್ನಾಟಿಕ್ ಪ್ಯಾಟರ್ನ್ ಎಚ್‌ಪಿ ನೋಡುವುದೇ ಇಲ್ಲ, ವಿಸ್ಡಮ್ (ಮನೋಬಲ) ಸೇವ್ ನೋಡುತ್ತದೆ. ಹಾಬ್‌ಗಾಬ್ಲಿನ್‌ಗೆ ವಿಸ್ಡಮ್ 10, ಅಂದರೆ ಸೊನ್ನೆ ಬೋನಸ್. ನಿಮ್ಮ ವಿಝರ್ಡ್‌ಗೆ ಇಂಟೆಲಿಜೆನ್ಸ್ 18 ಇದೆ ಅಂದುಕೊಂಡರೆ ಡಿಸಿ 15, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಜಾಸ್ತಿ ಬಿದ್ದರೆ ಮಾತ್ರ ಬಚಾವು. ಹತ್ತರಲ್ಲಿ ಏಳು ಜನ ಸೋಲಲೇಬೇಕು. ನಿಮ್ಮ ಒಂಬತ್ತು ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ.

ಫೈರ್‌ಬಾಲ್ ಕಥೆ ಬೇರೆ. 8ಡಿ6, ಅಂದರೆ ಆರು ಮುಖದ ಎಂಟು ದಾಳ, ಸರಾಸರಿ 28. ಹಾಬ್‌ಗಾಬ್ಲಿನ್‌ಗೆ ಇರುವುದೇ 11 ಎಚ್‌ಪಿ. ಸೇವ್ ಗೆದ್ದರೂ ಸರಾಸರಿ 14 ತಿಂದು ಸಾಯುತ್ತಾನೆ. ಹೊಸ ಮಂತ್ರ ಮಾಡುವವರಿಗೆಂದು 2014ರ ಡಿಎಂ ಪುಸ್ತಕದಲ್ಲಿ ಒಂದು ಕೋಷ್ಟಕ ಇದೆ. ಮೂರನೇ ಲೆವೆಲ್‌ನಲ್ಲಿ ಫೈರ್‌ಬಾಲ್ ಥರ ಹಲವರಿಗೆ ಹೊಡೆಯುವ ಮಂತ್ರಕ್ಕೆ ಅದು ಕೊಡುವುದು 6ಡಿ6. ತಮ್ಮದೇ ಕೋಷ್ಟಕಕ್ಕಿಂತ ಎರಡು ದಾಳ ಜಾಸ್ತಿ ಕೊಟ್ಟಿದ್ದಾರೆ! ಫೈರ್‌ಬಾಲ್ ಮನೆಯ ಮುದ್ದಿನ ಮಗ ಇದ್ದ ಹಾಗೆ.

ಆದರೆ ನಿಮ್ಮ ಸಮಸ್ಯೆ ಮಂತ್ರದ್ದಲ್ಲ. ಒಂದು ಪ್ರಶ್ನೆ: ದಿನಕ್ಕೆ ಎಷ್ಟು ಯುದ್ಧ ಮಾಡಿಸುತ್ತೀರಿ?

---

ಸೇತುವೆ_ಡಿಎಂ · 11:19

ದಿನಕ್ಕೆ ಅಂದರೆ, ಆಟದೊಳಗಿನ ದಿನಕ್ಕಾ? ಒಂದು. ಭಾನುವಾರಕ್ಕೆ ಒಂದು ಯುದ್ಧ, ಆಮೇಲೆ ಮಲಗುತ್ತಾರೆ.

---

ಲೆಕ್ಕದ_ಮೇಷ್ಟ್ರು · 11:31

ಹಾಗಾದರೆ ಉತ್ತರ ಸಿಕ್ಕಿತು. ಆ ನಿಯಮ ಲೆಕ್ಕ ಹಾಕಿರುವುದೇ ಎರಡು ಲಾಂಗ್ ರೆಸ್ಟ್ (ಮಂತ್ರಶಕ್ತಿ ವಾಪಸ್ ಬರುವ ರಾತ್ರಿ ನಿದ್ದೆ) ನಡುವೆ ಆರರಿಂದ ಎಂಟು ಯುದ್ಧ, ಮಧ್ಯೆ ಒಂದೆರಡು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿರಾಮ) ಅಂತ. 7ನೇ ಲೆವೆಲ್ ವಿಝರ್ಡ್ ಹತ್ತಿರ ಒಂದರಿಂದ ನಾಲ್ಕನೇ ಲೆವೆಲ್‌ನ ಮಂತ್ರಗಳಿಗೆ ಕ್ರಮವಾಗಿ 4, 3, 3, 1, ಒಟ್ಟು 11 ಸ್ಲಾಟ್ (ಒಂದು ಸ್ಲಾಟ್ ಅಂದರೆ ಒಂದು ಸಲ ಮಂತ್ರ ಹಾಕುವ ಅವಕಾಶ). ಆರ್ಕೇನ್ ರಿಕವರಿಯಿಂದ ಇನ್ನೊಂದೆರಡು. ಯುದ್ಧ ನಾಲ್ಕು ಸುತ್ತು ನಡೆಯುತ್ತದೆ ಅನ್ನಿ. ಆರು ಯುದ್ಧಕ್ಕೆ 24 ಸುತ್ತು. ಅರ್ಧ ಸುತ್ತುಗಳಲ್ಲಿ ಅವನು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಮಂತ್ರ) ಹೊಡೆದುಕೊಂಡು ಇರಬೇಕು. ನೀವು ಒಂದೇ ಯುದ್ಧ ಕೊಟ್ಟರೆ ತಿಂಗಳ ಸಂಬಳವನ್ನು ಒಂದೇ ದಿನ ಖರ್ಚು ಮಾಡು ಅಂದ ಹಾಗೆ. ಫೈಟರ್ ದಿನಗೂಲಿ. ಅವಳ ಆ್ಯಕ್ಷನ್ ಸರ್ಜ್, ಸೆಕೆಂಡ್ ವಿಂಡ್ ಅನ್ನುವ ವಿಶೇಷ ಶಕ್ತಿಗಳು ಶಾರ್ಟ್ ರೆಸ್ಟ್‌ಗೇ ವಾಪಸ್ ಬರುತ್ತವೆ. ನೀವು ಶಾರ್ಟ್ ರೆಸ್ಟ್ ಕೊಡುವುದೇ ಇಲ್ಲ ಅನ್ನಿಸುತ್ತದೆ.

---

ಹೊಸಬ_ಕೆಂಗೇರಿ · 11:40

ಕ್ಷಮಿಸಿ, ಇದು ಕಂಪ್ಯೂಟರ್ ಗೇಮಾ? ರಟ್ಟು, ದಾಳ ಅಂತ ಇದೆ. ಚೌಕಾಬಾರ ಥರಾನಾ?

---

ಹುಬ್ಬಳ್ಳಿ_ಹುಲಿ · 11:44

ಚೌಕಾಬಾರ ಥರಾನೇ, ಆದರ ಒಂದು ಆಟ ಮುಗಿಯಾಕ ಎರಡು ವರ್ಷ ಬೇಕು.

---

ಜೇನುಕಲ್ಲು · 11:58

ಆರು ಯುದ್ಧ ಅಂತ ಹೇಳುವುದು ಸುಲಭ ಮೇಷ್ಟ್ರೇ. ನಮಗೆ ವಾರಕ್ಕೆ ಸಿಗುವುದು ಮೂರು ಗಂಟೆ. ಅದರಲ್ಲಿ ಅರ್ಧ ಗಂಟೆ ಕಾಫಿ, ಕಾಲು ಗಂಟೆ ಟ್ರಾಫಿಕ್ ಬೈಯುವುದು. ಒಂದು ಯುದ್ಧಕ್ಕೇ ಒಂದು ಗಂಟೆ ಹೋಗುತ್ತದೆ. ಆರು ಯುದ್ಧ ಅಂದರೆ ಆಟದ ಒಂದು ದಿನಕ್ಕೆ ನಮ್ಮ ಒಂದೂವರೆ ತಿಂಗಳು. ಯಾವ ಟೇಬಲ್ ಹಾಗೆ ಆಡುತ್ತದೆ ತೋರಿಸಿ.

---

ಲೆಕ್ಕದ_ಮೇಷ್ಟ್ರು · 12:06

ಒಪ್ಪಿದೆ. ಆರು ಬೇಡ, ಮೂರು ಮಾಡಿ. ಭಾನುವಾರ ಮುಗಿದ ಮಾತ್ರಕ್ಕೆ ಆಟದ ದಿನ ಮುಗಿಯಬೇಕಾಗಿಲ್ಲ ಅಲ್ವಾ? ಸ್ಲಾಟ್ ಎಷ್ಟು ಉಳಿದಿದೆ ಅಂತ ಬರೆದಿಟ್ಟುಕೊಳ್ಳಿ, ಮುಂದಿನ ವಾರ ಅಲ್ಲಿಂದಲೇ ಶುರು.

---

ತುಂಗಾತೀರ · ಮಂಗಳವಾರ ಬೆಳಿಗ್ಗೆ 7:20

ನಾವು ಗ್ರಿಟಿ ರಿಯಲಿಸಂ ಅನ್ನುವ ನಿಯಮ ಹಾಕಿಕೊಂಡಿದ್ದೇವೆ. ರಾತ್ರಿ ಎಂಟು ಗಂಟೆ ಮಲಗಿದರೆ ಶಾರ್ಟ್ ರೆಸ್ಟ್, ಏಳು ದಿನ ಊರಲ್ಲಿದ್ದರೆ ಲಾಂಗ್ ರೆಸ್ಟ್. ಸಮಸ್ಯೆ ಪರಿಹಾರ.

---

ಬೆಂಕಿಉಂಡೆ · ಬೆಳಿಗ್ಗೆ 7:48

ಪರಿಹಾರ ಅಲ್ಲ, ಹೊಸ ಸಮಸ್ಯೆ. ಮೇಜ್ ಆರ್ಮರ್ (ವಿಝರ್ಡ್ ಮೈಗೆ ಹಾಕಿಕೊಳ್ಳುವ ಮಂತ್ರಕವಚ) ನಿಲ್ಲುವುದು ಎಂಟೇ ಗಂಟೆ. ಮೊದಲು ಒಂದು ಸ್ಲಾಟ್ ಕೊಟ್ಟರೆ ಇಡೀ ದಿನದ ಯುದ್ಧಗಳಿಗೆ ಸಾಕಾಗುತ್ತಿತ್ತು. ಈಗ ಅದೇ ಯುದ್ಧಗಳು ಒಂದು ವಾರಕ್ಕೆ ಹರಡಿದರೆ ದಿನಕ್ಕೊಂದು ಸ್ಲಾಟ್ ಕೊಡಬೇಕು. ರೆಸ್ಟ್ ಮಾತ್ರ ಉದ್ದ ಮಾಡಿ ಮಂತ್ರದ ಅವಧಿ ಹಾಗೇ ಬಿಟ್ಟರೆ ಅನ್ಯಾಯ.

ಅಂದಹಾಗೆ, ಮೇಲೆ ಹೇಳಿದ ಆ ವಿಝರ್ಡ್ ನಾನೇ. ಲಿಂಕ್ ಕ್ಲೆರಿಕ್ ಕಳಿಸಿದ. ಗುರು, ನನ್ನ ಹತ್ತಿರವೇ ಹೇಳಬಹುದಿತ್ತಲ್ಲ?

---

ಸೇತುವೆ_ಡಿಎಂ · 7:55

ಅಯ್ಯೋ.

---

ಬೆಂಕಿಉಂಡೆ · 8:21

ಬೇಜಾರಿಲ್ಲ, ಆದರೆ ನನ್ನ ಕಡೆಯ ಮಾತೂ ಕೇಳಿ. ಒಂದನೇ ಲೆವೆಲ್‌ನಲ್ಲಿ ನನಗೆ 8 ಎಚ್‌ಪಿ ಇತ್ತು, ಎರಡೇ ಸ್ಲಾಟ್. ಒಂದು ಸ್ಲೀಪ್, ಒಂದು ಶೀಲ್ಡ್, ಅಲ್ಲಿಗೆ ದಿನ ಮುಗಿಯಿತು. ಎರಡು ತಿಂಗಳು ಪೀಪಾಯಿ ಹಿಂದೆ ಅಡಗಿಕೊಂಡು ಫೈರ್ ಬೋಲ್ಟ್ ಹೊಡೆದೆ, ಅರ್ಧ ಗುರಿ ತಪ್ಪಿತು. ಒಂದು ಹೆಗ್ಗಣ ಕಚ್ಚಿ ಬಿದ್ದುಹೋದೆ. ಆಗ ಯಾರೂ "ವಿಝರ್ಡ್ ಕೊಡುಬಳೆ ತಿನ್ನುತ್ತಾನೆ" ಅಂತ ಚರ್ಚೆ ಶುರು ಮಾಡಲಿಲ್ಲ. ಈಗ ಒಂದು ಒಳ್ಳೆಯ ಸುತ್ತು ಸಿಕ್ಕಿತು ಅಂತ ಎಲ್ಲರೂ ನಿಯಮ ಪುಸ್ತಕ ತೆರೆದಿದ್ದೀರಿ.

---

ಹಳೇ_ದಾಳ · 9:05

ಹೆಗ್ಗಣದ ಮಾತು ಕೇಳಿ ನಗು ಬಂತು. ನಾನು ಆಡಲು ಕಲಿತದ್ದು ತೊಂಬತ್ತರ ದಶಕದಲ್ಲಿ, ಎಂ.ಎಸ್. ಓದಲು ಅಮೆರಿಕಕ್ಕೆ ಬಂದಾಗ. ಆಗ ಎರಡನೇ ಆವೃತ್ತಿ. ನಿಮಗೆ ಸಿಕ್ಕಿರುವ ವಿಝರ್ಡ್ ರಾಜಕುಮಾರ. ನಮ್ಮವನಿಗೆ ಲೆವೆಲ್‌ಗೆ ಡಿ4 (ನಾಲ್ಕು ಮುಖದ ಒಂದು ದಾಳ) ಎಚ್‌ಪಿ. ಒಂದನೇ ಲೆವೆಲ್‌ನಲ್ಲಿ ದಿನಕ್ಕೆ ಒಂದು ಮಂತ್ರ. ಕ್ಯಾಂಟ್ರಿಪ್ ಅಂತ ಉಚಿತ ಬೆಂಕಿ ಇರಲಿಲ್ಲ. ಮಂತ್ರ ಹೇಳುತ್ತಿರುವಾಗ ಯಾರಾದರೂ ಒಂದು ಏಟು ಕೊಟ್ಟರೆ ಮಂತ್ರವೇ ಕೆಟ್ಟು ಹೋಗುತ್ತಿತ್ತು. ಎರಡನೇ ಲೆವೆಲ್ ಮುಟ್ಟಲು ಫೈಟರ್‌ಗೆ 2000 ಅನುಭವ ಅಂಕ ಸಾಕು, ನಮಗೆ 2500 ಬೇಕು.

ಫೈರ್‌ಬಾಲ್ ಆಗಲೂ ಇತ್ತು. ಆದರೆ ಅದಕ್ಕೆ ಒಂದು ಗಾತ್ರ ಇತ್ತು, 33,000 ಘನ ಅಡಿ. ಬಯಲಲ್ಲಿ ಹಾಕಿದರೆ ಗುಂಡಾಗಿ ಹರಡುತ್ತದೆ. ಇಕ್ಕಟ್ಟು ಜಾಗದಲ್ಲಿ ಹಾಕಿದರೆ ಬೆಂಕಿ ಜಾಗ ಹುಡುಕಿಕೊಂಡು ಎಲ್ಲ ಕಡೆ ನುಗ್ಗುತ್ತದೆ. ನನ್ನ ರೂಮ್‌ಮೇಟ್ ಒಂದು ಸುರಂಗದಲ್ಲಿ ಹಾಕಿದ. ಡಿಎಂ ಕ್ಯಾಲ್ಕುಲೇಟರ್ ತೆಗೆದ. ಹತ್ತಡಿ ಅಗಲ, ಹತ್ತಡಿ ಎತ್ತರ, ಹಾಗಾದರೆ ಉದ್ದ 330 ಅಡಿ. ನಾವು ನಿಂತಿದ್ದದ್ದು 60 ಅಡಿ ಹಿಂದೆ. ನಾಲ್ಕು ಜನರಲ್ಲಿ ಮೂರು ಜನ ಅಲ್ಲೇ ಸುಟ್ಟು ಹೋದೆವು. ಆಮೇಲೆ ಒಂದು ವರ್ಷ ಅವನಿಗೆ ಪಾತ್ರೆ ತೊಳೆಯುವ ಕೆಲಸ.

ನಿಯಮ ಸರಳ ಮಾಡುತ್ತಾ ಬಂದ ಹಾಗೆ ಇಂಥ ಕಷ್ಟಗಳನ್ನೆಲ್ಲ ಒಂದೊಂದಾಗಿ ತೆಗೆದರು. ಶಕ್ತಿ ಮಾತ್ರ ಬಿಟ್ಟರು.

---

ಹುಬ್ಬಳ್ಳಿ_ಹುಲಿ · 9:11

330 ಅಡಿ ಬೆಂಕಿ! ನಮ್ಮ ಓಣಿಗಿಂತ ಉದ್ದ.

---

ಮೂರು_ಆ್ಯಕ್ಷನ್ · 9:30

ಪಾತ್‌ಫೈಂಡರ್ ಎರಡನೇ ಆವೃತ್ತಿ ಆಡಿ, ಇದೇ ಥರದ ಇನ್ನೊಂದು ಆಟ. 2019ರಿಂದ ಇದೆ. ಒಂದೇ ಏಟಿಗೆ ಯುದ್ಧ ಮುಗಿಸುವ ಮಂತ್ರಗಳಿಗೆ ಅಲ್ಲಿ ಇನ್‌ಕೆಪಾಸಿಟೇಷನ್ ಅಂತ ಒಂದು ಗುರುತು ಇರುತ್ತದೆ. ಮಂತ್ರದ ರ‍್ಯಾಂಕಿನ ಎರಡರಷ್ಟಕ್ಕಿಂತ ಶತ್ರುವಿನ ಲೆವೆಲ್ ಜಾಸ್ತಿ ಇದ್ದರೆ ಅವನ ಸೇವ್ ಫಲಿತಾಂಶ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಚಿಲ್ಲರೆ ಸೈನಿಕರು ಬೀಳುತ್ತಾರೆ, ನಾಯಕ ನಿಲ್ಲುತ್ತಾನೆ.

---

ಜೇನುಕಲ್ಲು · 9:34

ಬಂದರಪ್ಪಾ. ಎಲ್ಲಿ ಇನ್ನೂ ಬರಲಿಲ್ಲ ಅಂದುಕೊಂಡೆ. ಮನೆ ಸೋರುತ್ತಿದೆ ಅಂದರೆ ಮನೆ ಬದಲಾಯಿಸಿ ಅನ್ನುವವರು.

---

ಮೂರು_ಆ್ಯಕ್ಷನ್ · 9:36

ಸೋರದ ಮನೆ ಇದೆ ಅಂತ ತೋರಿಸಿದೆ, ಅಷ್ಟೇ 😄

---

ಹಳೇ_ದಾಳ · 9:50

2008ರಲ್ಲಿ ನಾಲ್ಕನೇ ಆವೃತ್ತಿಯವರೂ ಸೋರದ ಮನೆ ಕಟ್ಟಿದ್ದರು. ಫೈಟರ್‌ಗೂ ವಿಝರ್ಡ್‌ಗೂ ಒಂದೇ ಥರದ ಲೆಕ್ಕ: ಯಾವಾಗ ಬೇಕಾದರೂ ಮಾಡುವುದು, ಯುದ್ಧಕ್ಕೊಮ್ಮೆ ಮಾಡುವುದು, ದಿನಕ್ಕೊಮ್ಮೆ ಮಾಡುವುದು. ಸಮ ಆಯಿತು. ಜನ "ಎಲ್ಲ ಒಂದೇ ರುಚಿ" ಅಂತ ಜಗಳ ಆಡಿದರು. ನನಗೆ ಇಷ್ಟವಾಗಿತ್ತು. ಆಗ ಹೇಳಲು ಧೈರ್ಯ ಇರಲಿಲ್ಲ.

---

ಕಡಲತಡಿ · 11:02

ಮಾರಾಯ್ರೇ, ನೀವು ಯಾರೂ ಘಟೋತ್ಕಚನ ಪ್ರಸಂಗ ನೋಡಿಲ್ಲವಾ? ಕರ್ಣನ ಹತ್ತಿರ ಶಕ್ತ್ಯಾಯುಧ ಇತ್ತು. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದದ್ದು, ಒಂದೇ ಸಲ ಬಳಸಬಹುದು. ಅದನ್ನು ಅರ್ಜುನನಿಗೆ ಅಂತ ಎತ್ತಿಟ್ಟಿದ್ದ. ಕೃಷ್ಣ ಏನು ಮಾಡಿದ? ಆಯುಧ ನಿಷೇಧ ಮಾಡಿದನಾ? ಇಲ್ಲ. ಅರ್ಜುನನ ಎಚ್‌ಪಿ ದುಪ್ಪಟ್ಟು ಮಾಡಿದನಾ? ಅದೂ ಇಲ್ಲ. ರಾತ್ರಿ ಯುದ್ಧಕ್ಕೆ ಘಟೋತ್ಕಚನನ್ನು ಬಿಟ್ಟ. ಕತ್ತಲಲ್ಲಿ ಆ ರಾಕ್ಷಸನ ಹೊಡೆತ ತಡೆಯಲಾಗದೆ ಕರ್ಣ ಅದನ್ನೇ ಎಸೆಯಬೇಕಾಯಿತು. ಸ್ಲಾಟ್ ಖಾಲಿ.

ನಿಮ್ಮ ವಿಝರ್ಡ್‌ಗೂ ಅಷ್ಟೇ. ನಾಯಕನ ಮುಂಚೆ ಒಬ್ಬ ಘಟೋತ್ಕಚನನ್ನು ಬಿಡಿ.

---

ತುಂಗಾತೀರ · 11:10

ಕೃಷ್ಣನೇ ಮೊದಲ ಡಿಎಂ ಅಂತಾಯಿತು.

---

ಕಡಲತಡಿ · 11:14

ಅಲ್ಲ ಮಾರಾಯ್ರೇ, ಕೃಷ್ಣ ಒಂದು ಪಕ್ಷದ ಆಟಗಾರ. ಡಿಎಂ ಆಗಿದ್ದರೆ ಸಾರಥಿ ಆಗುತ್ತಿರಲಿಲ್ಲ.

---

ಲೆಕ್ಕದ_ಮೇಷ್ಟ್ರು · 11:20

ಅದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಘಟೋತ್ಕಚ ಸುಮ್ನೆ ಸ್ಲಾಟ್ ತಿನ್ನಲು ಬಂದ ಗೊಂಬೆ ಅಲ್ಲ. ಅವನು ನಿಜಕ್ಕೂ ಸೈನ್ಯ ಮುಗಿಸುತ್ತಿದ್ದ. ಎಷ್ಟೋ ಡಿಎಂಗಳು "ಸ್ಲಾಟ್ ಖಾಲಿ ಮಾಡಿಸೋಣ" ಅಂತ ಆರು ತೋಳ ಬಿಡುತ್ತಾರೆ. ಆಟಗಾರರಿಗೆ ಅದು ಗೊತ್ತಾಗುತ್ತದೆ. ಯಾರೂ ಸ್ಲಾಟ್ ಮುಟ್ಟುವುದಿಲ್ಲ, ಒಂದು ಗಂಟೆ ವ್ಯರ್ಥ.

---

ಜೇನುಕಲ್ಲು · 12:40

ಝಾಂಬಿ ಬಿಡಿ. ಅವಕ್ಕೆ ಮನಸ್ಸೇ ಇಲ್ಲ, ಹಿಪ್ನಾಟಿಕ್ ಪ್ಯಾಟರ್ನ್ ತಾಗುವುದಿಲ್ಲ.

---

ಬೆಂಕಿಉಂಡೆ · 12:52

ತಾಗುತ್ತದೆ. 2014ರ ಪುಸ್ತಕದಲ್ಲಿ ಝಾಂಬಿಗೆ ವಿಷ ತಾಗದು, ಅಷ್ಟೇ. ಚಾರ್ಮ್ (ಮರುಳು ಮಾಡುವುದು) ತಾಗದೇ ಇರುವುದು ಘೂಲ್‌ಗೆ (ಹೆಣ ತಿನ್ನುವ ಪಿಶಾಚಿ). (ಇದನ್ನು ನಾನೇ ಯಾಕೆ ಹೇಳಿಕೊಡುತ್ತಿದ್ದೇನೋ.)

---

ನಿರ್ವಾಹಕ · 1:05

ಕ್ರಿಕೆಟ್ ಬಗ್ಗೆ ಬರೆದ ಮೂರು ಉತ್ತರ ತೆಗೆದಿದ್ದೇನೆ. ಅದಕ್ಕೆ ಬೇರೆ ಚರ್ಚೆ ಇದೆ.

---

ಗುರಾಣಿಯವಳು · ಸಂಜೆ 6:30

ಅಣ್ಣಾ, ನಾನು ಫೋನಲ್ಲಿ ನೋಡುತ್ತಿದ್ದದ್ದೂ ಕ್ರಿಕೆಟ್ ಸ್ಕೋರೇ. ಬೇಜಾರಾಗಿ ನೋಡಿದ್ದು ನಿಜ. ಆದರೆ ಇಲ್ಲಿ ಎಲ್ಲರೂ ಡ್ಯಾಮೇಜ್ ಲೆಕ್ಕ ಹಾಕುತ್ತಿದ್ದೀರಿ. ನನಗೆ ಡ್ಯಾಮೇಜ್ ಕಡಿಮೆ ಅಂತ ಬೇಜಾರಿಲ್ಲ.

ಬೀಗ ಹಾಕಿದ ಬಾಗಿಲು ಬಂತು. ಒದೆಯೋಣ ಅಂದೆ, ಅಷ್ಟರಲ್ಲಿ ನಾಕ್ ಮಂತ್ರ. ಕಣಿವೆ ಬಂತು. ಹಗ್ಗ ತೆಗೆದೆ, ಅಷ್ಟರಲ್ಲಿ ಫ್ಲೈ. ರಾತ್ರಿ ಕಾವಲು ಕಾಯುತ್ತೇನೆ ಅಂದೆ, ಬೇಡ, ಟೈನಿ ಹಟ್ ಇದೆ. ಅದಕ್ಕೆ ಸ್ಲಾಟ್ ಕೂಡ ಬೇಡ, ಹನ್ನೊಂದು ನಿಮಿಷ ಕೂತು ಮಂತ್ರ ಹೇಳಿದರೆ ಗುಡಾರ ಸಿದ್ಧ. ನಾನು ಇರುವುದು ಚೀಲ ಹೊರಲು. ಯುದ್ಧ ಒಂದೇ ನನ್ನ ಜಾಗ, ಅದೂ ಹದಿನೈದು ನಿಮಿಷಕ್ಕೆ ಮುಗಿದರೆ ಕೊಡುಬಳೆ ಬಿಟ್ಟು ಇನ್ನೇನು ಮಾಡಲಿ?

---

ಬೆಂಕಿಉಂಡೆ · 6:41

ಇದು ನ್ಯಾಯ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಗ್ಗ ತೆಗೆದದ್ದು ನನಗೆ ಕಾಣಿಸಲೇ ಇಲ್ಲ ಮಾರಾಯ್ತಿ.

---

ಹಳೇ_ದಾಳ · 7:15

ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಮಾತು. ಡಿಎಂ ಅವರೇ, ಯುದ್ಧದ ಸಮತೋಲನಕ್ಕಿಂತ ಮುಂಚೆ ಇದನ್ನು ನೋಡಿ. ನಾಕ್ ಹಾಕಿದರೆ 300 ಅಡಿ ದೂರಕ್ಕೆ ಕೇಳುವ ಸದ್ದು ಬರುತ್ತದೆ ಅಂತ ಮಂತ್ರದಲ್ಲೇ ಬರೆದಿದೆ. ಆ ಸದ್ದನ್ನು ಎಂದಾದರೂ ಬಳಸಿದ್ದೀರಾ?

---

ಸೇತುವೆ_ಡಿಎಂ · 7:22

ಇಲ್ಲ. ಮರೆತೇ ಹೋಗಿತ್ತು.

---

ಲೆಕ್ಕದ_ಮೇಷ್ಟ್ರು · 7:40

ಕಾನ್ಸಂಟ್ರೇಷನ್ (ಏಟು ಬಿದ್ದರೆ ಕೆಡಬಹುದಾದ, ಮಂತ್ರ ನಿಲ್ಲಿಸಿಕೊಳ್ಳುವ ಏಕಾಗ್ರತೆ) ಕೂಡ ಮರೆತಿರುತ್ತೀರಿ, ಪಂಥ ಕಟ್ಟುತ್ತೇನೆ. ಹಿಪ್ನಾಟಿಕ್ ಪ್ಯಾಟರ್ನ್‌ಗೆ ಅದು ಬೇಕು. ವಿಝರ್ಡ್‌ಗೆ ಒಂದು ಬಾಣ ತಾಗಿದರೆ ಡಿಸಿ 10ರ ಸೇವ್. ಅವನ ಬೋನಸ್ +2 ಆದರೆ ಉಳಿಯುವ ಸಾಧ್ಯತೆ 65%. ಮೂರು ಬಾಣ ತಾಗಿದರೆ 27%. ನಾಲ್ವರು ಬಿಲ್ಲುಗಾರರನ್ನು ಎರಡು ಕಡೆ ದೂರ ದೂರ ನಿಲ್ಲಿಸಿ. ಫೈರ್‌ಬಾಲ್ ಒಂದು ಕಡೆಗೆ ಮಾತ್ರ ಬೀಳುತ್ತದೆ. ಅದರ ಅಗಲ 40 ಅಡಿ, ನಿಮ್ಮ ಕಾಗದದ ಮೇಲೆ ಎಂಟು ಚೌಕ. ಒಂಬತ್ತನೇ ಚೌಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದು ಮೋಸ ಅಲ್ಲ. ಹಾಬ್‌ಗಾಬ್ಲಿನ್‌ಗಳೂ ಸೈನಿಕರೇ, ಅವರೂ ಮೊದಲು ಫೈರ್‌ಬಾಲ್ ನೋಡಿರುತ್ತಾರೆ.

---

ತುಂಗಾತೀರ · 8:02

ನಮ್ಮ ಟೇಬಲ್‌ನಲ್ಲಿ ಮಂತ್ರಕ್ಕೆ ಬಾಯಿಂದ ಏನಾದರೂ ಹೇಳಲೇಬೇಕು. ವಿಝರ್ಡ್ ಆಡುವವಳು ಹದಿನೇಳರ ಮಗ್ಗಿ ಹೇಳುತ್ತಾಳೆ. ತಪ್ಪಿದರೆ ಸ್ಲಾಟ್ ಹೋಯಿತು.

---

ಹುಬ್ಬಳ್ಳಿ_ಹುಲಿ · 8:05

ಇದಪ್ಪ ಸಮತೋಲನ ಅಂದರ!

---

ಬೆಂಕಿಉಂಡೆ · 8:06

ಗುರು, ಇದನ್ನು ಮಾತ್ರ ಓದಬೇಡ.

---

ಸೇತುವೆ_ಡಿಎಂ · ಮುಂದಿನ ಭಾನುವಾರ ರಾತ್ರಿ 9:45

ಇವತ್ತು ಆಡಿದೆವು. ವರದಿ ಕೊಡುತ್ತೇನೆ.

ಹಳ್ಳಿಯ ಮೂರು ಜನರನ್ನು ಹಿಡಿದುಕೊಂಡು ಹೋಗಿದ್ದಾರೆ, ಬೆಳಗಾಗುವ ಮುಂಚೆ ಕೋಟೆ ಮುಟ್ಟಬೇಕು ಅಂತ ಇಟ್ಟೆ. ಹಾಗಾಗಿ ಟೈನಿ ಹಟ್ ಹಾಕಿ ಮಲಗುವ ಮಾತೇ ಬರಲಿಲ್ಲ. ಮೂರು ಯುದ್ಧ, ನಡುವೆ ಒಂದು ಗಂಟೆಯ ಒಂದು ಶಾರ್ಟ್ ರೆಸ್ಟ್. ಬೇಗ ಮುಗಿಯಲಿ ಅಂತ ಮೊದಲ ಎರಡು ಯುದ್ಧಕ್ಕೆ ರಟ್ಟು, ಚೌಕ ಏನೂ ಇಡಲಿಲ್ಲ, ಬಾಯಲ್ಲೇ ನಡೆಸಿದೆ.

ಮೊದಲನೆಯದು ಕಾಡಿನಲ್ಲಿ ಬಿಲ್ಲುಗಾರರು. ಮೇಷ್ಟ್ರು ಹೇಳಿದ ಹಾಗೆ ಎರಡು ಕಡೆ. ವಿಝರ್ಡ್ ಒಂದು ಕಡೆಗೆ ಫೈರ್‌ಬಾಲ್ ಹಾಕಿದ. ಇನ್ನೊಂದು ಕಡೆಗೆ ತಂಗಿ ಮುಳ್ಳುಪೊದೆ ತುಳಿದುಕೊಂಡು ಓಡಿದಳು. ಎರಡನೆಯದು ಹಾಳು ಬಾವಿಯಿಂದ ಹತ್ತಿ ಬಂದ ಎಂಟು ಘೂಲ್. ಹಿಪ್ನಾಟಿಕ್ ಪ್ಯಾಟರ್ನ್ ಹಾಕಲು ಕೈ ಎತ್ತಿದವನು "ಛೇ, ನಾನೇ ಹೇಳಿಕೊಟ್ಟೆ" ಅಂತ ಕೈ ಇಳಿಸಿದ. ರೋಗ್‌ಗೆ ಅವುಗಳ ಏಟಿಗೆ ಮೈಯೆಲ್ಲ ಮರಗಟ್ಟಿತು. ಅವನನ್ನು ಬಿಡಿಸುವಷ್ಟರಲ್ಲಿ ದೊಡ್ಡ ಸ್ಲಾಟ್ ಎಲ್ಲ ಹೋದವು.

ಕೋಟೆ ಬಾಗಿಲಲ್ಲಿ ಇಬ್ಬರೂ ನಾಕ್ ಬೇಡ ಅಂದರು, ಸದ್ದಾಗುತ್ತದೆ ಅಂತ! ತಂಗಿ ಹಗ್ಗ ಹಾಕಿ ಗೋಡೆ ಹತ್ತಿದಳು, ಒಳಗಿನಿಂದ ಅಗುಳಿ ತೆಗೆದಳು. ಬಂದಿಗಳನ್ನು ಬಿಡಿಸಿಕೊಂಡು ವಾಪಸ್ ಬರುವಾಗ ಕೋಟೆಯ ನಾಯಕ, ಅವನ ಹಿಂದೆ ಹದಿನಾಲ್ಕು ಜನ ಬೆನ್ನಟ್ಟಿದರು. ಬಾಗಿಲು ಹತ್ತಡಿ ಅಗಲ. ಒಬ್ಬಳು ನಿಂತರೆ ಪಕ್ಕದಿಂದ ನುಗ್ಗುತ್ತಾರೆ. ವಿಝರ್ಡ್ ಹತ್ತಿರ ಉಳಿದಿದ್ದದ್ದು ಎರಡನೇ ಲೆವೆಲ್‌ನ ಒಂದೇ ಸ್ಲಾಟ್. ಎರಡು ನಿಮಿಷ ಹಾಳೆ ನೋಡುತ್ತಾ ಕೂತ. ಆಮೇಲೆ ಎನ್‌ಲಾರ್ಜ್ (ದೇಹ ದೊಡ್ಡದು ಮಾಡುವ ಮಂತ್ರ) ತೆಗೆದು ತಂಗಿಯ ಮೇಲೆ ಹಾಕಿದ.

ಈಗ ಅವಳಿಗೆ ನಾಲ್ಕು ಚೌಕ ಜಾಗ ಬೇಕು. ಅವಳ ಗೊಂಬೆಯನ್ನು ತೆಗೆದು, ಕೊಡುಬಳೆ ಡಬ್ಬದ ಮುಚ್ಚಳವನ್ನು ಬಾಗಿಲಲ್ಲಿ ಇಟ್ಟೆವು. ಬಾಗಿಲು ಪೂರ್ತಿ ಮುಚ್ಚಿತು. ಅವನು ಅವಳ ಹಿಂದೆ ಅಡಗಿ ಕೂತ. ಒಂದು ಬಾಣ ಅವಳನ್ನು ದಾಟಿ ಬಂದು ಅವನಿಗೆ ತಾಗಿತು. ಮಂತ್ರ ಉಳಿಸಿಕೊಳ್ಳಲು ದಾಳ ಹಾಕಿದ, 8 ಬಿತ್ತು. +2 ಸೇರಿ ಸರಿಯಾಗಿ 10. ಟೇಬಲ್ ಗುದ್ದಿದ ರಭಸಕ್ಕೆ ರಟ್ಟಿನ ಗೋಡೆ ಬಿದ್ದಿತು. ಏಳು ಸುತ್ತು ನಿಂತಳು. ನಾಯಕನನ್ನು ಹೊಡೆದವಳೂ ಅವಳೇ.

ಏನೂ ನಿಷೇಧ ಮಾಡಲಿಲ್ಲ. ಆದರೆ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದು ಏಳೂವರೆಗೆ ಮುಗಿಯಿತು. ಮನೆಯಲ್ಲಿ ಬೈಗುಳ ತಿಂದೆ. ಜೇನುಕಲ್ಲು ಹೇಳಿದ್ದು ಸುಳ್ಳಲ್ಲ.

---

ಗುರಾಣಿಯವಳು · 9:58

ಏಳಲ್ಲ ಅಣ್ಣಾ, ಎಂಟು ಸುತ್ತು.

---

ಜೇನುಕಲ್ಲು · 10:03

ಐದೂವರೆ ಗಂಟೆ! ನಮ್ಮ ಮನೆಯಲ್ಲಾಗಿದ್ದರೆ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು.

---

ಬೆಂಕಿಉಂಡೆ · 10:10

ಮುಂದಿನ ಲೆವೆಲ್‌ಗೆ ನಾಲ್ಕನೇ ಲೆವೆಲ್ ಸ್ಲಾಟ್ ಇನ್ನೊಂದು ಬರುತ್ತದೆ. ಪಾಲಿಮಾರ್ಫ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲೇ ಹೇಳಿದ್ದೇನೆ, ಆಮೇಲೆ ಚರ್ಚೆ ಶುರು ಮಾಡಬೇಡ.

---

ಸೇತುವೆ_ಡಿಎಂ · 10:14

ಅದಿರಲಿ, ಕ್ಲೆರಿಕ್ ಈಗ ಸ್ಪಿರಿಟ್ ಗಾರ್ಡಿಯನ್ಸ್ ಮಂತ್ರ ಹಾಕಿಕೊಂಡು ಸುಮ್ನೆ ಓಡಾಡುತ್ತಾನೆ. ಸುತ್ತ ಹದಿನೈದು ಅಡಿಯಲ್ಲಿ ಬಂದವರಿಗೆಲ್ಲ 3ಡಿ8 ಏಟು. ಇದಕ್ಕೆ ಏನು ಮಾಡಲಿ?

---

ನಿರ್ವಾಹಕ · 10:20

ಹೊಸ ಚರ್ಚೆ ಶುರು ಮಾಡಿ.

---

ಹೊಸಬ_ಕೆಂಗೇರಿ · 10:31

ಎಲ್ಲ ಓದಿದೆ, ಅರ್ಧ ಅರ್ಥವಾಯಿತು. ನಾನೂ ಆಡಬೇಕು. ಮತ್ತೆ, ಕೊಡುಬಳೆ ಮನೆಯದಾ, ಅಂಗಡಿಯದಾ?